ಆರು ಸ್ವರಗಳ ಆಕಾಶ

ಎಳೆಯರ ಬ್ಯಾಂಡ್ ಸಂಗೀತದಲ್ಲಿ ಮಳೆ, ಗಾಳಿ, ಮುಸ್ಸಂಜೆ

ಸಂಗೀತ ರಚನಕಾರನ ಮುಂದೆ ಒಡ್ಡಬಹುದಾದ ಕಠಿನ ಪರೀಕ್ಷೆಗಳಲ್ಲಿ ಇದೊಂದು: ಹತ್ತು ಹನ್ನೊಂದು ವರ್ಷದ ಐವತ್ತು ಅರುವತ್ತು ಮಕ್ಕಳು ಸಾಲಾಗಿ ಕುಳಿತಿದ್ದಾರೆ, ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರೊಂಬೋನ್‌ಗಳು ಅವರ ಕೈಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಒಬ್ಬೊಬ್ಬರಿಗೂ ಹಿಡಿತಕ್ಕೆ ಬಂದಿರುವುದು ಐದಾರು ಸ್ವರ, ನಾಲ್ಕು ಎಣಿಕೆ ಮುಗಿಯುವಷ್ಟರಲ್ಲಿ ಉಸಿರು ಬರಿದಾಗುತ್ತದೆ, ಶ್ರುತಿಯೋ ಒಮ್ಮೆ ಏರಿ ಒಮ್ಮೆ ಇಳಿದು, ಎಲ್ಲಿಯೂ ನೆಲೆಯೂರದೆ ಅಲೆಯುತ್ತದೆ. ಇಷ್ಟನ್ನೇ ಬಂಡವಾಳವಾಗಿಟ್ಟುಕೊಂಡು, ನುಡಿಸುವ ಮಕ್ಕಳಿಗೆ ತಾವು ಆಟಿಕೆಯ ಸಂಗೀತವನ್ನು ನುಡಿಸುತ್ತಿದ್ದೇವೆಂಬ ಸಂಕೋಚ ಹುಟ್ಟದಂತೆ, ಕೇಳುವ ಹಿರಿಯರು ಮಮತೆಯ ಕಾರಣದಿಂದಲ್ಲದೆ ರುಚಿಯ ಕಾರಣದಿಂದಲೇ ಕಿವಿಗೊಡುವಂತೆ, ಮೂರು ನಿಮಿಷದ ಒಂದು ಕೃತಿಯನ್ನು ಕಟ್ಟಿಕೊಡಬೇಕು. ನೂರು ವಾದ್ಯಗಳ ಪಕ್ವ ವೃಂದಕ್ಕೆ ಬರೆಯುವವನಿಗೆ ಇರುವ ಸ್ವಾತಂತ್ರ್ಯದಲ್ಲಿ ಹತ್ತರಲ್ಲೊಂದು ಪಾಲೂ ಇಲ್ಲಿ ಇರುವುದಿಲ್ಲ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಿಂದ ಈಚೆಗೆ ಈ ಪರೀಕ್ಷೆಗೆ ಕುಳಿತವರು ಬಹುಮಂದಿ. ಅಮೆರಿಕದಲ್ಲಿ, ಜಪಾನಿನಲ್ಲಿ, ಆಸ್ಟ್ರೇಲಿಯದಲ್ಲಿ, ಯೂರೋಪಿನ ಹಲವು ನಾಡುಗಳಲ್ಲಿ ಶಾಲೆಯ ಮಕ್ಕಳಿಗೆಂದೇ ಬರೆದ ಬ್ಯಾಂಡ್ ಕೃತಿಗಳು ರಾಶಿರಾಶಿಯಾಗಿವೆ. ಅವುಗಳ ಹೆಸರುಗಳ ಮೇಲೆ ಸುಮ್ಮನೆ ಕಣ್ಣಾಡಿಸಿದರೂ ಒಂದು ಸಂಗತಿ ಎದ್ದುಕಾಣುತ್ತದೆ: ಬಿರುಗಾಳಿ, ಮಳೆ, ಹಿಮ, ನದಿ, ಪರ್ವತ, ಜ್ವಾಲಾಮುಖಿ, ಮುಸ್ಸಂಜೆ, ಹಕ್ಕಿಯ ಹಾರಾಟ ಇವೇ ಅಲ್ಲಿ ಮತ್ತೆ ಮತ್ತೆ ಬರುವ ವಸ್ತುಗಳು. ಮಕ್ಕಳಿಗೆ ಗುಡುಗು ಸಿಡಿಲೆಂದರೆ ಹಿಗ್ಗು, ಆದುದರಿಂದ ಹೀಗೆ, ಎಂದು ಹೇಳಿ ಮುಂದೆ ಸಾಗಿಬಿಡಬಹುದು. ಆ ಉತ್ತರದಲ್ಲಿ ಸುಳ್ಳಿಲ್ಲವಾದರೂ ಅದು ಮೇಲ್ಪದರದ ಉತ್ತರ. ಹೊಸದಾಗಿ ಕಲಿಯುವವನಲ್ಲಿ ಯಾವುದನ್ನು ನಾವು ಕೊರತೆಯೆಂದು ಎಣಿಸುತ್ತೇವೆಯೋ ಅದನ್ನೇ ಕೃತಿಯ ಸಾಮಗ್ರಿಯನ್ನಾಗಿ ಮಾಡಿಕೊಳ್ಳುವ ಶಕ್ತಿ ನಿಸರ್ಗವೆಂಬ ವಸ್ತುವಿಗೆ ಇರುವಷ್ಟು ಬೇರೆ ಯಾವುದಕ್ಕೂ ಇಲ್ಲವೆಂಬುದೇ ಇದರ ಒಳಗಿನ ಕಾರಣವೆಂದು ತೋರುತ್ತದೆ.

ಮೇಳದ ಪೂರ್ವೋತ್ತರ

ಕನ್ಸರ್ಟ್ ಬ್ಯಾಂಡ್ ಎಂಬುದು ಪಿಟೀಲು ಮೊದಲಾದ ತಂತಿವಾದ್ಯಗಳನ್ನು ಬಹುಮಟ್ಟಿಗೆ ಬದಿಗಿರಿಸಿ, ಊದುವ ಮತ್ತು ಬಡಿಯುವ ವಾದ್ಯಗಳಿಂದಲೇ ಕಟ್ಟಿದ ಮೇಳ. ಇದರ ತೌರುಮನೆ ಸೈನ್ಯ. ರಣಭೂಮಿಯ ಕಹಳೆಗೂ ಕವಾಯತಿನ ನಗಾರಿಗೂ ಹತ್ತೊಂಬತ್ತನೆಯ ಶತಮಾನದ ಕುಶಲಕರ್ಮಿಗಳು ಹೊಸ ಅಂಗಗಳನ್ನು ಜೋಡಿಸಿದರು: ೧೮೧೮ರಲ್ಲಿ ಪ್ರಷ್ಯದಲ್ಲಿ ಹಿತ್ತಾಳೆಯ ವಾದ್ಯಗಳ ಕವಾಟಕ್ಕೆ ಪೇಟೆಂಟು ದೊರೆಯಿತು, ೧೮೪೬ರಲ್ಲಿ ಅಡಾಲ್ಫ್ ಸ್ಯಾಕ್ಸ್ ತನ್ನ ಹೆಸರಿನ ವಾದ್ಯಕ್ಕೆ ಪ್ಯಾರಿಸಿನಲ್ಲಿ ಹಕ್ಕು ಪಡೆದನು, ಮರುವರ್ಷ ಥಿಯೊಬಾಲ್ಡ್ ಬೋಮ್ ಕೊಳಲನ್ನು ಇಂದಿನ ರೂಪಕ್ಕೆ ತಂದನು. ಹೀಗೆ ಒಂದು ಶತಮಾನದೊಳಗೆ ಊದುವ ವಾದ್ಯಗಳೆಲ್ಲ ಸಕಲ ಸ್ವರಗಳನ್ನೂ ನುಡಿಯಬಲ್ಲವಾದ ಮೇಲೆ, ಬ್ಯಾಂಡು ಕವಾಯತಿನ ಬಯಲನ್ನು ಬಿಟ್ಟು ಸಭಾಂಗಣಕ್ಕೆ ಬಂದು ಕುಳಿತಿತು. ಅಮೆರಿಕದ ನೌಕಾದಳದ ಮೆರೀನ್ ಬ್ಯಾಂಡನ್ನು ೧೮೮೦ರಿಂದ ೧೮೯೨ರವರೆಗೆ ನಡೆಸಿ, ಅನಂತರ ಸ್ವಂತ ಮೇಳವನ್ನು ಕಟ್ಟಿಕೊಂಡು ಊರೂರು ಸುತ್ತಿದ ಜಾನ್ ಫಿಲಿಪ್ ಸೂಸಾ ಈ ಬದಲಾವಣೆಯ ಮುಖ್ಯ ಪುರುಷ.

ಶಾಲೆಗಳಿಗೆ ಅದು ಹಬ್ಬಿದ್ದು ಮೊದಲನೆಯ ಮಹಾಯುದ್ಧದ ತರುವಾಯ. ೧೯೨೩ರಲ್ಲಿ ಷಿಕಾಗೊ ನಗರದಲ್ಲಿ ಶಾಲಾ ಬ್ಯಾಂಡುಗಳ ರಾಷ್ಟ್ರೀಯ ಸ್ಪರ್ಧೆಯೊಂದು ನಡೆಯಿತು. ಅದಕ್ಕೆ ಬೆಂಬಲವಾಗಿ ನಿಂತವರಲ್ಲಿ ವಾದ್ಯಗಳನ್ನು ತಯಾರಿಸುವ ವ್ಯಾಪಾರಿಗಳೂ ಇದ್ದರೆಂಬುದನ್ನು ಮರೆಯತಕ್ಕದ್ದಲ್ಲ. ವಿದ್ಯೆಯೂ ವ್ಯಾಪಾರವೂ ಕೈ ಹಿಡಿದು ನಡೆದ ಈ ದಾರಿಯಲ್ಲಿ ಬ್ಯಾಂಡು ಕೆಲವೇ ದಶಕಗಳಲ್ಲಿ ಅಮೆರಿಕದ ಪಾಠಶಾಲೆಯ ಸಾಮಾನ್ಯ ಅಂಗವಾಯಿತು. ಜಪಾನಿನಲ್ಲಿಯೂ ೧೯೪೦ರಷ್ಟು ಹಿಂದೆಯೇ ರಾಷ್ಟ್ರಮಟ್ಟದ ಸ್ಪರ್ಧೆ ಆರಂಭವಾಗಿ, ಯುದ್ಧಾನಂತರ ಮರಳಿ ಚಿಗುರಿ, ಇಂದು ಅಲ್ಲಿನ ವಿದ್ಯಾರ್ಥಿ ಜೀವನದ ದೊಡ್ಡ ಉತ್ಸವಗಳಲ್ಲಿ ಒಂದಾಗಿದೆ. ಇಂಗ್ಲೆಂಡಿನಲ್ಲಿ ಬ್ಯಾಂಡಿಗೆ ಗಂಭೀರ ಕೃತಿಗಳನ್ನು ಕೊಟ್ಟ ಗುಸ್ಟಾವ್ ಹೋಲ್ಸ್ಟ್ ತಾನೇ ಟ್ರೊಂಬೋನ್ ವಾದಕ, ಜೊತೆಗೆ ೧೯೦೫ರಿಂದ ಲಂಡನ್ನಿನ ಬಾಲಿಕಾ ಶಾಲೆಯೊಂದರಲ್ಲಿ ಸಂಗೀತದ ಗುರು. ಆತನ ೧೯೩೦ರ ‘ಹ್ಯಾಮರ್‌ಸ್ಮಿತ್’ ಕೃತಿ ಎಳೆಯರಿಗಾಗಿ ಬರೆದುದಲ್ಲ. ಆದರೂ ಅದರ ಆರಂಭದಲ್ಲಿ ಟ್ಯೂಬಾ, ಯೂಫೋನಿಯಂಗಳ ಮಂದ್ರದಲ್ಲಿ ಮರಳಿ ಮರಳಿ ಬರುವ ನಿಧಾನಗತಿಯ ಸ್ವರಗುಚ್ಛ, ದಡದ ಜನಸಂದಣಿಯ ಗೊಡವೆಯೇ ಇಲ್ಲದೆ ಹರಿಯುವ ಥೇಮ್ಸ್ ನದಿಯನ್ನು ತೋರಿಸುವ ಬಗೆಯಲ್ಲಿ, ಮುಂದೆ ಬಂದವರಿಗೆ ಒಂದು ಪಾಠವಿತ್ತು: ನದಿಯನ್ನು ಚಿತ್ರಿಸಲು ಬಹಳ ಸ್ವರಗಳು ಬೇಕಿಲ್ಲ.

ಕನ್ನಡ ನಾಡಿಗೂ ಈ ಮೇಳ ಅಪರಿಚಿತವಲ್ಲ. ಮೈಸೂರಿನ ಅರಮನೆಯಲ್ಲಿ ಕರ್ಣಾಟಕ ಸಂಗೀತದ ಬ್ಯಾಂಡೂ ಪಾಶ್ಚಾತ್ಯ ಸಂಗೀತದ ಬ್ಯಾಂಡೂ ಜೊತೆಜೊತೆಯಾಗಿ ಬಾಳಿದವು. ಪಾಶ್ಚಾತ್ಯ ವೃಂದಕ್ಕೆ ಆಟೊ ಷ್ಮಿಟ್ ಎಂಬ ಜರ್ಮನ್ ವಿದ್ವಾಂಸನು ಗುರುವಾಗಿದ್ದನು. ಆ ಪರಂಪರೆಯ ಮುಂದುವರಿಕೆಯನ್ನು ದಸರೆಯ ದಿನಗಳಲ್ಲಿ ಪೊಲೀಸ್ ವಾದ್ಯವೃಂದಗಳಲ್ಲಿ ಇಂದಿಗೂ ಕೇಳಬಹುದು. ನಾಗಸ್ವರದ ಮನೆತನದಲ್ಲಿ ಹುಟ್ಟಿದ ದಕ್ಷಿಣ ಕನ್ನಡದ ಬಾಲಕನೊಬ್ಬನು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ಧ್ವನಿಯನ್ನು ಕೇಳಿ ಮರುಳಾಗಿ, ಮುಂದೆ ಅದೇ ವಾದ್ಯದಲ್ಲಿ ಗಮಕಗಳನ್ನು ಪಳಗಿಸಿ ಕದ್ರಿ ಗೋಪಾಲನಾಥ್ ಎಂಬ ಹೆಸರಿನಿಂದ ಜಗತ್ಪ್ರಸಿದ್ಧನಾದ ಕಥೆ ಎಲ್ಲರೂ ಬಲ್ಲುದೇ. ಎಳೆಯ ಕಿವಿಯ ಮೇಲೆ ಬ್ಯಾಂಡಿನ ನಾದ ಎಂಥ ಪ್ರಭಾವ ಬೀರಬಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಎಳೆಯ ತುಟಿ, ಎಳೆಯ ಬೆರಳು

ಮಕ್ಕಳಿಗೆ ಬರೆಯುವವನ ಕಟ್ಟುಪಾಡುಗಳು ಎಷ್ಟು ಬಿಗಿಯಾದುವೆಂಬುದನ್ನು ತಿಳಿಯದೆ ಆತನ ಉಪಾಯಗಳ ಬೆಲೆ ತಿಳಿಯದು. ಅಮೆರಿಕದ ಪ್ರಕಾಶಕರು ಬ್ಯಾಂಡ್ ಕೃತಿಗಳನ್ನು ಕಷ್ಟದ ಪ್ರಮಾಣಕ್ಕೆ ತಕ್ಕಂತೆ ಒಂದರಿಂದ ಐದು ಅಥವಾ ಆರು ದರ್ಜೆಗಳಾಗಿ ವಿಂಗಡಿಸುವುದು ವಾಡಿಕೆ. ಮೊದಲನೆಯ ದರ್ಜೆಯಲ್ಲಿ ಸ್ವರಗಳ ಹರಹು ಒಂದು ಸ್ಥಾಯಿಯನ್ನು ಮುಟ್ಟುವುದೇ ಅಪರೂಪ. ಲಯದ ವಿನ್ಯಾಸಗಳು ನಡೆಯುವ ಹೆಜ್ಜೆಯಷ್ಟು ಸರಳ. ಆಧಾರಶ್ರುತಿ ಸಾಮಾನ್ಯವಾಗಿ ಬಿ-ಫ್ಲ್ಯಾಟ್ ಅಥವಾ ಇ-ಫ್ಲ್ಯಾಟ್, ಏಕೆಂದರೆ ಮೇಳದ ಬಹುಪಾಲು ವಾದ್ಯಗಳು ಆ ಶ್ರುತಿಗಳಿಗೆ ಹೊಂದಿಸಿ ಮಾಡಿದುವು.

ಒಂದೊಂದು ವಾದ್ಯಕ್ಕೂ ಅದರದೇ ಆದ ಹಟ. ಕೊಳಲು ಬಲವಾಗಿ ಊದಿದಾಗ ಎಂಟನೆಯ ಸ್ವರಕ್ಕೆ, ಎಂದರೆ ಮೇಲಿನ ಷಡ್ಜಕ್ಕೆ ಹಾರುತ್ತದೆ. ಕ್ಲಾರಿನೆಟ್ಟಾದರೋ ಒಂದು ತುದಿ ಮುಚ್ಚಿದ ನಳಿಕೆಯಂತೆ ವರ್ತಿಸುವುದರಿಂದ ಹನ್ನೆರಡನೆಯ ಸ್ವರಕ್ಕೆ ಜಿಗಿಯುತ್ತದೆ. ಆದಕಾರಣ ಅದರ ಕೆಳಗಿನ ನೆಲೆಗೂ ಮೇಲಿನ ನೆಲೆಗೂ ನಡುವೆ ಒಂದು ಹೊಸಿಲುಂಟು; ಅದನ್ನು ದಾಟಬೇಕಾದರೆ ಹೆಚ್ಚುಕಡಿಮೆ ಎಲ್ಲ ರಂಧ್ರಗಳೂ ತೆರೆದಿರುವ ಸ್ವರದಿಂದ ಎಲ್ಲವೂ ಮುಚ್ಚಿರುವ ಸ್ವರಕ್ಕೆ ಬೆರಳುಗಳೆಲ್ಲ ಒಮ್ಮೆಗೇ ಹೊಂದಿಕೊಳ್ಳಬೇಕು. ಕಲಿಯುವವನ ಮೊದಲನೆಯ ವರ್ಷದ ಕಣ್ಣೀರೆಲ್ಲ ಆ ಹೊಸಿಲಿನ ಮೇಲೆಯೇ. ಟ್ರೊಂಬೋನಿನ ಜಾರುಕೊಳವೆಯ ಕೊನೆಯ ಎರಡು ಸ್ಥಾನಗಳಿಗೆ ಎಳೆಯ ತೋಳು ನಿಲುಕದು. ಫ್ರೆಂಚ್ ಹಾರ್ನಿನಲ್ಲಿ ಸಹಜ ನಾದಶ್ರೇಣಿಯ ಮೆಟ್ಟಿಲುಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ತುಟಿ ಕೂದಲೆಳೆಯಷ್ಟು ಸಡಿಲಿದರೂ ಪಕ್ಕದ ಸ್ವರ ಹೊರಬೀಳುತ್ತದೆ. ಓಬೋ, ಬಸೂನ್‌ಗಳನ್ನು ಹಿಡಿದ ಮಗು ಎಷ್ಟೋ ಶಾಲೆಗಳಲ್ಲಿ ಇರುವುದೇ ಇಲ್ಲ. ಆದುದರಿಂದ ಅವಕ್ಕೆ ಬರೆದ ಪಾಠವನ್ನು ಬೇರೊಂದು ವಾದ್ಯದ ಹಾಳೆಯಲ್ಲಿಯೂ ಬರೆದಿಡಬೇಕು.

ಇಷ್ಟು ಬೇಲಿಗಳ ನಡುವೆ ನಡೆಯುವವನು ಸಾಧಾರಣವಾಗಿ ಮಾಡುವುದೇನೆಂದರೆ, ಹಿರಿಯರ ಸಂಗೀತವನ್ನು ಕುಗ್ಗಿಸಿ ಕಿರಿದುಗೊಳಿಸುವುದು: ಒಂದು ಪುಟ್ಟ ಮಾರ್ಚು, ಒಂದು ಪುಟ್ಟ ಓವರ್ಚರು, ಜಾನಪದ ಗೀತೆಯೊಂದರ ಸರಳ ಜೋಡಣೆ. ಅದರಲ್ಲಿ ತಪ್ಪಿಲ್ಲ. ಆದರೆ ಆ ದಾರಿಯಲ್ಲಿ ಮಗು ಯಾವಾಗಲೂ ದೊಡ್ಡವರ ಅಳತೆಗೋಲಿನಿಂದಲೇ ಅಳೆಯಲ್ಪಡುತ್ತದೆ. ಮಾರ್ಚಿನಲ್ಲಿ ಹೆಜ್ಜೆ ತಪ್ಪಿದರೆ ತಪ್ಪೇ, ಶ್ರುತಿ ಅಲುಗಿದರೆ ತಪ್ಪೇ. ನಿಸರ್ಗವನ್ನು ವಸ್ತುವಾಗಿ ಹಿಡಿದವನು ಮಾತ್ರ ಅಳತೆಗೋಲನ್ನೇ ಬದಲಾಯಿಸಿಬಿಡಬಲ್ಲನು.

ತಪ್ಪೇ ಒಪ್ಪಾಗುವ ಮಳೆ

ಮಳೆಯನ್ನೇ ತೆಗೆದುಕೊಳ್ಳೋಣ. ಮೇಳದಲ್ಲಿ ಪ್ರತಿಯೊಂದು ಮಗುವಿಗೂ ಮೂರು ನಾಲ್ಕು ಸ್ವರಗಳ ಒಂದು ಗುಚ್ಛವನ್ನು ಕೊಟ್ಟು, ಅದನ್ನು ತನಗೆ ಒಗ್ಗಿದ ವೇಗದಲ್ಲಿ, ಪಕ್ಕದವನೊಡನೆ ಹೊಂದಿಕೊಳ್ಳದೆ, ಮರಳಿ ಮರಳಿ ನುಡಿಸುವಂತೆ ಹೇಳಿದರೆ, ಅರುವತ್ತು ಅಸಮಗತಿಗಳು ಒಂದರೊಳಗೊಂದು ಹೆಣೆದುಕೊಂಡು, ಯಾವ ನುರಿತ ವೃಂದವೂ ಸ್ವರಲಿಪಿಯಲ್ಲಿ ಬರೆದುಕೊಂಡು ನುಡಿಸಲಾರದಂಥ ಒಂದು ಸಾಂದ್ರವಾದ ನಾದಜಾಲ ಏಳುತ್ತದೆ. ಬೇರೆ ಸಂಗೀತದಲ್ಲಿ ಕಾಲ ತಪ್ಪುವುದು ದೋಷ. ಇಲ್ಲಿ ಹನಿಗಳೆಲ್ಲ ಒಟ್ಟಿಗೆ ಬಿದ್ದುವಾದರೆ ಅದೇ ದೋಷ. ಒಬ್ಬೊಬ್ಬರ ತಡವರಿಕೆಯೂ ಸಮುದಾಯದಲ್ಲಿ ಕರಗಿ ಸಮೃದ್ಧಿಯಾಗುತ್ತದೆ. ಯೂರೋಪು ಅಮೆರಿಕಗಳ ನವ್ಯ ರಚನಕಾರರು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ತಾತ್ತ್ವಿಕ ಪ್ರಯೋಗವಾಗಿ ಕಂಡುಕೊಂಡ ಈ ಅನಿಯತ ವಿಧಾನ, ಶಾಲೆಯ ಕೊಠಡಿಯಲ್ಲಿ ಹೀಗೆ ಸಹಜ ಉಪಯೋಗಕ್ಕೆ ಬಂದಿತು.

ಎರಿಕ್ ವಿಟೇಕರ್ ಎಂಬ ಅಮೆರಿಕದ ರಚನಕಾರ ಯೌವನದಲ್ಲಿ ಕ್ಯಾಲಿಫೋರ್ನಿಯದ ಒಣಭೂಮಿಯ ಮೇಲೆ ಕವಿದ ಗುಡುಗುಮಳೆಯೊಂದನ್ನು ಕಂಡು, ಅದರ ಪ್ರೇರಣೆಯಿಂದ ಆಕ್ಟೇವಿಯೊ ಪಾಜ್ ಕವಿಯ ನುಡಿಗಳಿಗೆ ‘ಕ್ಲೌಡ್‌ಬರ್ಸ್ಟ್’ ಎಂಬ ವೃಂದಗಾನವನ್ನು ೧೯೯೨ರಲ್ಲಿ ರಚಿಸಿದರು. ೨೦೦೧ರಲ್ಲಿ ಅದನ್ನೇ ಬ್ಯಾಂಡಿಗೆ ಅಳವಡಿಸಿದರು. ಅದರ ಶಿಖರದಲ್ಲಿ ವಾದ್ಯಗಳು ಹಿಂದೆ ಸರಿದು ಬೆರಳ ಚಿಟಿಕೆಗಳು ಮುಂದೆ ಬರುತ್ತವೆ: ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಹತ್ತಿಪ್ಪತ್ತು, ಆಮೇಲೆ ಸಭಾಂಗಣವೆಲ್ಲ ತುಂಬುವಷ್ಟು, ತೂಗುಬಿಟ್ಟ ಲೋಹದ ತಗಡನ್ನು ಅಲುಗಿಸಿದಾಗ ಗುಡುಗು ಹೊರಳುತ್ತದೆ. ಆ ಕೃತಿ ಒಟ್ಟಾರೆ ಪಳಗಿದ ವಿದ್ಯಾರ್ಥಿಗಳಿಗೇ ಹೊರತು ಆರಂಭಿಕರಿಗಲ್ಲ. ಆದರೆ ಅದರಲ್ಲಿನ ಉಪಾಯವಾದರೋ ಯಾವ ಶಾಲೆಗೂ ಸಲ್ಲುವಂಥದು. ಅಂಗೈ ಉಜ್ಜಿದರೆ ದೂರದ ಸೋನೆ, ಚಿಟಿಕೆ ಹಾಕಿದರೆ ಮೊದಲ ಹನಿ, ತೊಡೆ ತಟ್ಟಿದರೆ ಜಡಿಮಳೆ. ಇದಕ್ಕೆ ವರ್ಷಗಳ ಸಾಧನೆ ಬೇಕೆ? ಬೇಕಾದುದು, ಯಾವಾಗ ತೊಡಗಬೇಕು, ಯಾವಾಗ ತಗ್ಗಬೇಕು, ಯಾವಾಗ ನಿಲ್ಲಬೇಕು ಎಂಬ ಎಚ್ಚರ. ಆ ಎಚ್ಚರವೇ ಮೇಳಸಂಗೀತದ ಮೊದಲ ಪಾಠವಾದುದರಿಂದ, ಸ್ವರ ಕೂಡದ ಮಗುವೂ ಈ ಮಳೆಯಲ್ಲಿ ಸಂಗೀತಗಾರನೇ ಆಗುತ್ತದೆ.

ಗಾಳಿಯ ವಿಚಾರದಲ್ಲಿ ಬ್ಯಾಂಡಿಗಿರುವ ಸೌಲಭ್ಯ ಇನ್ನೂ ಹಿರಿದು. ಪಿಟೀಲುಗಳ ವೃಂದ ಬಿರುಗಾಳಿಯನ್ನು ತೋರಿಸಬೇಕಾದರೆ ಕಮಾನನ್ನು ನಡುಗಿಸಿ ಅದನ್ನು ಅನುಕರಿಸಬೇಕು. ಬ್ಯಾಂಡಿನಲ್ಲಿರುವ ಮಗು ತುಟಿಯನ್ನು ನಡುಗಿಸದೆ ಟ್ರಂಪೆಟ್ಟಿನೊಳಕ್ಕೆ ಬರಿಯ ಉಸಿರನ್ನು ಬಿಟ್ಟರೆ ಸಾಕು, ಹೊರಬರುವುದು ಗಾಳಿಯ ಅನುಕರಣವಲ್ಲ, ಗಾಳಿಯೇ. ಮೂವತ್ತು ವಾದ್ಯಗಳು ಸರದಿಯಂತೆ ಹೀಗೆ ಉಸಿರಾಡಿದಾಗ ಅದು ವೇದಿಕೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಸಿಹೋಗುವುದನ್ನು ಕೇಳಬಹುದು. ಮಗುವಿನ ಮಟ್ಟಿಗೆ ಇದೇ ದೀರ್ಘಶ್ವಾಸದ ಅಭ್ಯಾಸವೂ ಹೌದು. ಆದರೆ ಅಭ್ಯಾಸದ ಬೇಸರ ಅದಕ್ಕೆ ಅಂಟಿರುವುದಿಲ್ಲ. ಆಸ್ಟ್ರೇಲಿಯದ ಜೋಡಿ ಬ್ಲ್ಯಾಕ್‌ಷಾ ಅವರು ಆರಂಭಿಕರಿಗೆ ಬರೆದ ‘ವರ್ಲ್‌ವಿಂಡ್’ ಎಂಬ ಸುಂಟರಗಾಳಿಯ ಕೃತಿ, ಬ್ಯಾಂಡಿನ ಪ್ರಸಿದ್ಧ ರಚನಕಾರ ಫ್ರ್ಯಾಂಕ್ ಟಿಕೆಲಿ ಅವರ ಹೆಸರಿನ ಸ್ಪರ್ಧೆಯಲ್ಲಿ ಬಹುಮಾನ ಗಳಿಸಿದ್ದು, ಅತಿ ಸುಲಭದ ದರ್ಜೆಯಲ್ಲಿಯೂ ಸ್ವಂತಿಕೆಗೆ ಎಡೆಯುಂಟೆಂಬುದನ್ನು ತೋರಿಸಿತು. ವಾಷಿಂಗ್ಟನ್ ರಾಜ್ಯದ ಸ್ಯಾನ್ ಹ್ವಾನ್ ದ್ವೀಪದಲ್ಲಿ ನೆಲೆಸಿರುವ ಅಲೆಕ್ಸ್ ಷಪೀರೊ ಎಂಬ ರಚನಕಾರ್ತಿಯಾದರೋ ತಮ್ಮ ‘ರಾಕ್ ಮ್ಯೂಸಿಕ್’ ಎಂಬ ಕೃತಿಯಲ್ಲಿ ಮಕ್ಕಳ ಕೈಗೆ ನಿಜವಾದ ಕಲ್ಲುಗಳನ್ನೇ ಕೊಟ್ಟು, ಧ್ವನಿಮುದ್ರಿತ ನಾದದೊಡನೆ ಅವನ್ನು ಬಡಿಯುವಂತೆ ಮಾಡಿದ್ದಾರೆ.

ತಾಳವಾದ್ಯದ ಮಕ್ಕಳಿಗೂ ಇದರಿಂದ ನ್ಯಾಯ ದೊರೆಯಿತು. ಸರಳವಾದ ಮಾರ್ಚುಗಳಲ್ಲಿ ಅವರು ಬಹಳ ಹೊತ್ತು ಸುಮ್ಮನೆ ಎಣಿಸುತ್ತ ನಿಲ್ಲಬೇಕು. ಪ್ರಕೃತಿಯ ಕೃತಿಗಳಲ್ಲಿ ತೂಗುವ ಝಲ್ಲರಿಯ ಮೇಲೆ ಏರುವ ಮೊರೆತ, ದೊಡ್ಡ ಡೋಲಿನ ದೂರದ ಗುಡುಗು, ಕಾಳು ತುಂಬಿದ ಕೊಳವೆಯನ್ನು ತಲೆಕೆಳಗು ಮಾಡಿದಾಗಿನ ಸುರಿತ ಇವೆಲ್ಲ ಅವರ ಪಾಲು. ರಾಬರ್ಟ್ ಡಬ್ಲ್ಯು. ಸ್ಮಿತ್ ಅವರು ೧೯೯೩ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ಪೂರ್ವ ಕರಾವಳಿಯನ್ನು ಅಪ್ಪಳಿಸಿದ ಮಹಾ ಹಿಮಗಾಳಿಯ ನೆನಪಿಗೆ ರಚಿಸಿದ ‘ಇಂಟು ದಿ ಸ್ಟಾರ್ಮ್’ ಶಾಲಾ ಮೇಳಗಳಿಗೆ ಇಷ್ಟು ಪ್ರಿಯವಾಗಲು, ಅದರ ತಾಳವಾದ್ಯಗಳಿಗೆ ದೊರೆತ ಪ್ರಾಧಾನ್ಯವೂ ಒಂದು ಕಾರಣವಿರಬೇಕು.

ನಿಶ್ಚಲತೆಯ ವಿದ್ಯೆ

ಬಿರುಗಾಳಿ ಸುಲಭ, ಮುಸ್ಸಂಜೆ ಕಷ್ಟ. ಈ ಸಂಗೀತದ ಉತ್ತಮ ಕೃತಿಗಳನ್ನು ಹುಡುಕುವವರು ಗದ್ದಲದ ಕಡೆಗಿಂತ ಮೌನದ ಕಡೆಗೇ ಹೋಗಬೇಕು. ಸ್ಟೀವನ್ ಬ್ರಯಂಟ್ ಅವರ ‘ಡಸ್ಕ್’, ೨೦೦೪ರ ಕೃತಿ, ಸೂರ್ಯಾಸ್ತದ ಕೆಂಪು ಒಳಗೊಳಗೇ ಉರಿಯುತ್ತಿದ್ದರೂ ಮೇಲೆ ಪ್ರಶಾಂತವಾಗಿರುವ ಗಳಿಗೆಯನ್ನು ನಿಧಾನವಾದ ಸ್ವರಮೇಳನಗಳಲ್ಲಿ ಹಿಡಿಯುತ್ತದೆ. ವಿಟೇಕರ್ ಅವರು ನೆಬ್ರಾಸ್ಕ ರಾಜ್ಯದ ಪ್ರೌಢಶಾಲೆಗಳ ಬ್ಯಾಂಡುಗಳು ಒಟ್ಟುಗೂಡಿ ಬರೆಯಿಸಿದ ‘ಅಕ್ಟೋಬರ್’ ಕೃತಿಯಲ್ಲಿ, ೨೦೦೦ದಲ್ಲಿ, ಶರತ್ಕಾಲದ ಬೆಳಕನ್ನು ಇಂಗ್ಲಿಷ್ ಗ್ರಾಮೀಣ ಸಂಗೀತದ ಛಾಯೆಯಲ್ಲಿ ಕಂಡರು. ಜಾನ್ ಮ್ಯಾಕಿ ಅವರು ಇಲಿನಾಯ್ ರಾಜ್ಯದ ಎರಡು ಕಿರಿಯ ಪ್ರೌಢಶಾಲೆಗಳಿಗಾಗಿ ೨೦೧೨ರಲ್ಲಿ ರಚಿಸಿದ ‘ಷೆಲ್ಟರಿಂಗ್ ಸ್ಕೈ’, ಎಂದೋ ಎಲ್ಲಿಯೋ ಕೇಳಿದ ಜಾನಪದ ಗೀತೆಯೆಂಬಂತೆ ಮನಸ್ಸನ್ನು ಸೆಳೆದರೂ, ಅದರ ರಾಗಗಳೆಲ್ಲ ಆತನ ಸ್ವಂತದುವೇ. ಜಪಾನಿನ ತೊಶಿಯೊ ಮಶಿಮಾ ಅವರು ೨೦೦೧ರಲ್ಲಿ ಬರೆದ, ಜಪಾನಿನ ಮೂರು ಚಿತ್ರಗಳುಳ್ಳ ಕೃತಿಯಲ್ಲಿ, ಕೊಕ್ಕರೆಗಳ ನರ್ತನಕ್ಕೂ ಉತ್ಸವದ ಅಬ್ಬರಕ್ಕೂ ನಡುವೆ ಹಿಮ ಮುಸುಕಿದ ನದಿಯೊಂದು ಮೆಲ್ಲಗೆ ಹರಿಯುತ್ತದೆ.

ಇಂಥ ಕೃತಿಗಳಲ್ಲಿ ಬೆರಳಿಗೆ ಕೆಲಸ ಕಡಿಮೆ; ಕಿವಿಗೆ ಮಾತ್ರ ಬಿಡುವಿಲ್ಲ. ಒಬ್ಬನ ವಾದ್ಯ ಸೆಕೆಂಡಿಗೆ ೪೪೦ ಬಾರಿಯೂ ಪಕ್ಕದವನದು ೪೪೨ ಬಾರಿಯೂ ಕಂಪಿಸುತ್ತಿದ್ದರೆ, ಎರಡೂ ಸೇರಿದ ನಾದದಲ್ಲಿ ಸೆಕೆಂಡಿಗೆ ಎರಡು ಏರಿಳಿತಗಳು ತೊನೆಯುತ್ತವೆ. ವೇಗದ ಸಂಗೀತದಲ್ಲಿ ಇದು ಕಾಣದೆ ಹೋಗುತ್ತದೆ. ಎಂಟೆಣಿಕೆಯ ದೀರ್ಘಸ್ವರದಲ್ಲಿ ಎಲ್ಲರ ಕಿವಿಗೂ ಬೀಳುತ್ತದೆ. ಆಗ ತುಟಿಯನ್ನು ತುಸು ಬಿಗಿಹಿಡಿದು ಅಥವಾ ಸಡಿಲಿಸಿ ಆ ತೊನೆತವನ್ನು ನಿಲ್ಲಿಸುವುದು ಮಗುವಿನ ಕೆಲಸ. ಪಿಯಾನೋವಿನ ಸಮವಿಭಾಗದಲ್ಲಿರುವ ಅಂತರಗಾಂಧಾರಕ್ಕಿಂತ ಷಡ್ಜದೊಡನೆ ಸಹಜವಾಗಿ ಕೂಡುವ ಗಾಂಧಾರ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ತಗ್ಗಿನಲ್ಲಿದೆಯೆಂಬುದನ್ನು ಪಾಠ ಹೇಳಿ ತಿಳಿಸುವುದು ಕಷ್ಟ. ಆಕಾಶವನ್ನು ನುಡಿಸಹೊರಟ ಮಗು ತಾನೇ ಅದನ್ನು ಹುಡುಕಿಕೊಳ್ಳುತ್ತದೆ, ಏಕೆಂದರೆ ಅಲ್ಲಿಗೆ ಮುಟ್ಟಿದಾಗ ಸ್ವರಮೇಳನ ತಟ್ಟನೆ ತಿಳಿಯಾಗುತ್ತದೆ. ತಂಬೂರಿಯ ಶ್ರುತಿಯಲ್ಲಿ ಬೆಳೆದ ನಮ್ಮ ಕಿವಿಗೆ ಈ ಅನುಭವದ ವಿವರಣೆ ಬೇಕಿಲ್ಲ.

ಉಸಿರಿನ ಗಿಡ್ಡತನಕ್ಕೂ ಇಲ್ಲಿ ಪರಿಹಾರವುಂಟು. ಒಂದು ಸಾಲಿನ ಹತ್ತು ಮಕ್ಕಳು ಒಬ್ಬರಾದ ಮೇಲೊಬ್ಬರು, ಪಕ್ಕದವರು ನುಡಿಸುತ್ತಿರುವಾಗಲೇ ಕದ್ದು ಉಸಿರೆಳೆದುಕೊಂಡರೆ, ಯಾವ ಒಬ್ಬ ಮಹಾವಿದ್ವಾಂಸನ ಎದೆಯೂ ತಾಳಲಾರದಷ್ಟು ದೀರ್ಘವಾದ ಅಖಂಡ ನಾದ ಸಿದ್ಧಿಸುತ್ತದೆ. ಹರಿಯುವ ಹೊಳೆಯೂ ಹರಡಿದ ಬಾನೂ ಮಕ್ಕಳ ಮೇಳಕ್ಕೆ ನಿಲುಕುವುದು ಈ ಪರಸ್ಪರ ಉಪಕಾರದಿಂದ. ಕ್ಲಾರಿನೆಟ್ಟಿನ ಹೊಸಿಲು ಕೂಡ ಇಲ್ಲಿ ತಡೆಯಾಗದು. ಅದರ ಕೆಳಗಿನ ನೆಲೆಯ ಕಪ್ಪಾದ ಬೆಚ್ಚನೆಯ ದನಿ, ಯಾವುದು ಎಳೆಯನಿಗೆ ಮೊದಲು ಕೈಗೂಡುವುದೋ ಅದೇ, ಕಾಡಿನ ನೆರಳಿಗೂ ಕತ್ತಲಾಗುವ ಹೊತ್ತಿಗೂ ಹೇಳಿ ಮಾಡಿಸಿದಂತಿದೆ.

ಹೆಸರು ಮತ್ತು ಹುರುಳು

ಇಷ್ಟೆಲ್ಲ ಹೇಳಿದ ಮೇಲೆ, ನಿಸರ್ಗದ ಹೆಸರು ಹೊತ್ತ ಕೃತಿಗಳೆಲ್ಲ ಈ ಗುಣಕ್ಕೆ ಪಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ಮಾರುಕಟ್ಟೆಗಾಗಿ ವರ್ಷವರ್ಷವೂ ಹೊರಬರುವ ಎಷ್ಟೋ ರಚನೆಗಳಲ್ಲಿ ವೇಗದ ಮೊದಲ ಭಾಗ, ನಿಧಾನದ ನಡುಭಾಗ, ಮತ್ತೆ ವೇಗದ ಕೊನೆ ಎಂಬ ಒಂದೇ ಅಚ್ಚಿದ್ದು, ಮೇಲಿನ ಚೀಟಿಯಲ್ಲಿ ಮಾತ್ರ ಒಮ್ಮೆ ಗರುಡ, ಒಮ್ಮೆ ಕಣಿವೆ, ಒಮ್ಮೆ ಜಲಪಾತ. ಶೀರ್ಷಿಕೆಗಳನ್ನು ಅದಲುಬದಲು ಮಾಡಿದರೂ ಅವಕ್ಕೆ ಏನೂ ನಷ್ಟವಾಗದು. ಹೆಸರು ಅನಂತರ ಬಂದುದೆಂಬ ಕಾರಣದಿಂದಲೇ ಕೃತಿ ಹೀನವಾಗುವುದಿಲ್ಲವೆಂಬುದನ್ನೂ ಜೊತೆಗೇ ಹೇಳಬೇಕು. ಫ್ರ್ಯಾಂಕ್ ಟಿಕೆಲಿ ಅವರ ೧೯೯೯ರ ‘ವೆಸೂವಿಯಸ್’ ಆರಂಭದಲ್ಲಿ ಪ್ರಾಚೀನ ರೋಮಿನ ಉನ್ಮತ್ತ ನೃತ್ಯವೊಂದರ ಕಲ್ಪನೆಯಾಗಿತ್ತು. ಬರೆಯುತ್ತ ಬರೆಯುತ್ತ ಅದರ ಬೆಂಕಿ ಹೆಚ್ಚಾಗಿ, ಕ್ರಿಸ್ತಶಕ ೭೯ರಲ್ಲಿ ಪಾಂಪೆಯಿ ನಗರವನ್ನು ಹುಗಿದ ಜ್ವಾಲಾಮುಖಿಯ ಹೆಸರನ್ನು ಅದು ತಾನೇ ಕೇಳಿ ಪಡೆಯಿತು. ಅಲ್ಲಿ ಹೆಸರು ಸಂಗೀತದಿಂದ ಹುಟ್ಟಿದೆ. ಮಾರುಕಟ್ಟೆಯ ರಚನೆಗಳಲ್ಲಿ ಸಂಗೀತದ ಮೇಲೆ ಅಂಟಿದೆ.

ನಿಸರ್ಗವನ್ನು ಸಂಗೀತ ಎಷ್ಟರ ಮಟ್ಟಿಗೆ ಚಿತ್ರಿಸಬೇಕೆಂಬ ಜಿಜ್ಞಾಸೆ ಹಳೆಯದು. ಬೇಥೋವನ್ ೧೮೦೮ರಲ್ಲಿ ತನ್ನ ಗ್ರಾಮೀಣ ಸಿಂಫನಿಯನ್ನು ಹೊರತಂದಾಗ, ಇದು ದೃಶ್ಯಗಳ ಚಿತ್ರಣಕ್ಕಿಂತ ಹೆಚ್ಚಾಗಿ ಭಾವನೆಗಳ ಅಭಿವ್ಯಕ್ತಿಯೆಂದು ಸೂಚಿಸಿದನು. ಆದರೂ ಕೋಗಿಲೆಯನ್ನೂ ಗುಡುಗನ್ನೂ ಅದರಲ್ಲಿ ಇಡದೆ ಇರಲಿಲ್ಲ. ನಮ್ಮ ಸಂಪ್ರದಾಯ ಈ ವಿಷಯದಲ್ಲಿ ಇನ್ನೊಂದು ದಾರಿ ಹಿಡಿಯಿತು. ಮುತ್ತುಸ್ವಾಮಿ ದೀಕ್ಷಿತರು ಅಮೃತವರ್ಷಿಣಿಯಲ್ಲಿ ಹಾಡಿ ಒಣಗಿದ ಸೀಮೆಗೆ ಮಳೆ ತರಿಸಿದರೆಂಬ ಐತಿಹ್ಯವಿದೆಯಷ್ಟೆ. ಆ ರಾಗದಲ್ಲಿ ಹನಿಯ ಸದ್ದಿಲ್ಲ, ಗುಡುಗಿನ ಸದ್ದಿಲ್ಲ, ಇರುವುದು ಮಳೆಗಾಗಿ ಹಾತೊರೆಯುವ ಭಾವ. ಎಳೆಯರ ಬ್ಯಾಂಡು ಭಾವದ ದಾರಿಯಲ್ಲಿ ಅಷ್ಟು ದೂರ ನಡೆಯಲಾರದು, ಏಕೆಂದರೆ ಗಮಕದ ಸೂಕ್ಷ್ಮತೆ ಬರಲು ವರ್ಷಗಳು ಬೇಕು. ಅದು ಸದ್ದಿನ ದಾರಿಯಲ್ಲಿ ಹೊರಟು, ಸದ್ದನ್ನು ಆಲಿಸುವ ಅಭ್ಯಾಸದ ಮೂಲಕ, ಭಾವದ ಬಾಗಿಲಿಗೆ ಮಕ್ಕಳನ್ನು ತಂದು ನಿಲ್ಲಿಸುತ್ತದೆ.

ಆಲಿಸುವವನ ಹೊಣೆ

ಆಲಿಸುವ ಅಭ್ಯಾಸವನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದವರು ಕೆನಡಾದ ಆರ್. ಮರೆ ಷೇಫರ್. ೧೯೩೩ರಿಂದ ೨೦೨೧ರವರೆಗೆ ಬಾಳಿದ ಆತ, ಒಂದು ಊರಿನ ಅಥವಾ ಕಾಡಿನ ಸಮಸ್ತ ಸದ್ದುಗಳನ್ನೂ ಒಂದು ಭೂದೃಶ್ಯದಂತೆ ಕಾಣಬೇಕೆಂಬ ವಿಚಾರವನ್ನು ಪ್ರಚಾರಕ್ಕೆ ತಂದರು; ೧೯೬೭ರಲ್ಲಿ ಪ್ರಕಟವಾದ ಆತನ ಪುಟ್ಟ ಪಠ್ಯವೊಂದು ಕಿವಿಯನ್ನು ತೊಳೆದುಕೊಳ್ಳುವ ಪಾಠಗಳಿಗೇ ಮೀಸಲು. ಮರುವರ್ಷ ಎಳೆಯ ಗಾಯಕರಿಗಾಗಿ ರಚಿಸಿದ ‘ಎಪಿಟಾಫ್ ಫಾರ್ ಮೂನ್‌ಲೈಟ್’ ಎಂಬ ವೃಂದಗಾನದ ಪದಗಳನ್ನು ಹನ್ನೊಂದರ ಆಸುಪಾಸಿನ ವಿದ್ಯಾರ್ಥಿಗಳೇ ಬೆಳದಿಂಗಳಿಗೆ ಹೊಸ ಹೆಸರುಗಳನ್ನು ಕಟ್ಟಿ ಒದಗಿಸಿದ್ದರು. ಬ್ಯಾಂಡಿನ ಗುರುಗಳಲ್ಲಿ ವಿಚಾರವಂತರಾದವರು ಇದರಿಂದ ಕಲಿತದ್ದು ಬಹಳ. ಮಳೆಯ ಕೃತಿಯನ್ನು ಕಲಿಸುವ ಮುನ್ನ ಮಕ್ಕಳನ್ನು ಕಿಟಕಿಯ ಬಳಿ ಕೂರಿಸಿ ಹೊರಗಿನ ಸದ್ದುಗಳ ಪಟ್ಟಿ ಮಾಡಿಸುವ ಗುರು, ಶ್ರುತಿಯ ಪಾಠವನ್ನೇ ಬೇರೊಂದು ಬಾಗಿಲಿನಿಂದ ಒಳತರುತ್ತಾನೆ.

ಹೀಗೆ ಆಲಿಸಿದ ಕಿವಿಗೆ ಸೊಗಸಿನ ಜೊತೆಗೆ ಸಂಕಟವೂ ಕೇಳಿಸದಿರದು. ಜೆಕ್ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಾರೆಲ್ ಹುಸಾ, ಮಿಷಿಗನ್ ರಾಜ್ಯದ ಶಾಲಾ ಬ್ಯಾಂಡುಗಳ ಮತ್ತು ವೃಂದಗಳ ಸಂಘದ ಕೋರಿಕೆಯಂತೆ ೧೯೭೦ರಲ್ಲಿ ‘ಅಪಾಥಿಯೋಸಿಸ್ ಆಫ್ ದಿಸ್ ಅರ್ತ್’ ಎಂಬ ಕೃತಿಯನ್ನು ಬರೆದರು. ಅದರ ಮೊದಲ ಭಾಗದಲ್ಲಿ ಭೂಮಿ ದೂರದ ಬಿಂದುವಿನಂತೆ ಉದಯಿಸುತ್ತದೆ. ಎರಡನೆಯದರಲ್ಲಿ ಮನುಷ್ಯನ ಕೈಯಿಂದಲೇ ಅದರ ವಿನಾಶವಾಗುತ್ತದೆ. ಕೊನೆಯಲ್ಲಿ ವಾದಕರು ವಾದ್ಯವನ್ನು ಕೆಳಗಿರಿಸಿ, ಭೂಮಿಯ ಚೆಲುವನ್ನು ಕುರಿತ ಒಂದೆರಡು ಮಾತುಗಳನ್ನು ತುಂಡುತುಂಡಾಗಿ ನುಡಿಯುತ್ತಾರೆ. ನುಡಿಸಲು ಅತಿ ಕಠಿನವಾದ ಈ ಕೃತಿ ಚಿಕ್ಕ ಮಕ್ಕಳಿಗಲ್ಲ. ಆದರೆ ಶಾಲೆಯ ಮೇಳವೂ ಕಾಲದ ದೊಡ್ಡ ಚಿಂತೆಗೆ ದನಿಯಾಗಬಹುದೆಂಬ ಮಾತನ್ನು ಶಾಲಾ ಗುರುಗಳ ಸಂಘವೇ ಅಷ್ಟು ಹಿಂದೆ ಒಪ್ಪಿಕೊಂಡಿತ್ತೆಂಬುದು ಗಮನಾರ್ಹ. ಇಂದು ಸಾಗರದ ಮೇಲೆ, ಕಾಡ್ಗಿಚ್ಚಿನ ಮೇಲೆ, ಕರಗುವ ಹಿಮದ ಮೇಲೆ ಬರೆಯುತ್ತಿರುವವರು ಆ ದಾರಿಯಲ್ಲಿ ನಡೆದವರೇ. ಇಲ್ಲಿಯೂ ಒಂದು ಎಚ್ಚರಿಕೆ ಬೇಕು: ಉಪದೇಶದ ಭಾರಕ್ಕೆ ಸಂಗೀತ ಕುಸಿಯಬಾರದು. ನದಿಯನ್ನು ಕಾಪಾಡಿರೆಂದು ಸಾರುವ ಸಪ್ಪೆಯ ಕೃತಿಗಿಂತ, ನದಿಯ ಒಂದು ತಿರುವನ್ನು ಕಿವಿಗೊಟ್ಟು ಕೇಳುವಂತೆ ಮಾಡಿದ ಚಿಕ್ಕ ಕೃತಿ ಮಗುವಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ಒಳ್ಳೆಯದನ್ನು ಆರಿಸುವುದು ಹೇಗೆಂದು ಯಾರಾದರೂ ಕೇಳಿದರೆ, ಎರಡು ಪರೀಕ್ಷೆಗಳನ್ನು ಹೇಳಬಹುದು. ಶೀರ್ಷಿಕೆಯನ್ನು ಮರೆಮಾಡಿ ಕೃತಿಯನ್ನು ಕೇಳುವುದು ಮೊದಲನೆಯದು. ಹೆಸರಿಲ್ಲದೆಯೂ ಕಿವಿಗೆ ಏನೋ ಒಂದು ನಡೆಯುತ್ತಿರುವಂತೆ ತೋರಬೇಕು. ಎರಡನೆಯದು ಇನ್ನೂ ಖಚಿತವಾದುದು: ಮೇಳನಾಯಕನ ಸಮಗ್ರ ಸ್ವರಲಿಪಿಯನ್ನು ಬದಿಗಿಟ್ಟು, ಮೂರನೆಯ ಕ್ಲಾರಿನೆಟ್ಟಿನ ಹಾಳೆಯೊಂದನ್ನೇ ಕೈಗೆತ್ತಿಕೊಳ್ಳಬೇಕು. ಆ ಹಾಳೆಯನ್ನು ನುಡಿಸುವವನು ಮೇಳದಲ್ಲೆಲ್ಲ ಕಡಮೆ ಬಲ್ಲವನು. ಆತನಿಗೆ ಬರುವುದು ಐದು ಸ್ವರ. ಆ ಐದರಲ್ಲಿಯೇ ಆತನಿಗೆ ಒಂದು ಕೆಲಸವಿದ್ದು, ಆತ ಅದನ್ನು ಮಾಡದೆ ಹೋದರೆ ಮಳೆ ತೆಳುವಾಗುವುದಾದರೆ, ಆ ಕೃತಿಯನ್ನು ಬರೆದವನು ನಿಸರ್ಗವನ್ನೂ ಬಲ್ಲನು, ಮಕ್ಕಳನ್ನೂ ಬಲ್ಲನು. ಆತನ ಹಾಳೆಯಲ್ಲಿ ಇತರರ ಸ್ವರವನ್ನು ಸುಮ್ಮನೆ ಹಿಂಬಾಲಿಸುವ ಸಾಲುಗಳೇ ತುಂಬಿದ್ದರೆ, ಮುಖಪುಟದ ಮೇಲೆ ಎಂಥ ಪರ್ವತದ ಚಿತ್ರವಿದ್ದರೂ ಆ ಪುಸ್ತಕವನ್ನು ಅಂಗಡಿಯವನಿಗೆ ಹಿಂದಿರುಗಿಸುವುದೇ ಲೇಸು.